ದಂಡಸಂಹಿತೆಯ ಕರ್ತೃ ಮೆಕಾಲೆ

ಮೆಕಾಲೆಯ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆ ಹೆಸರನ್ನು ಪ್ರೀತಿಯಿಂದ ಹೇಳುವವನೂ ಬಹುಶಃ ಇರಲಾರನು. ನಮ್ಮ ವಿದ್ಯಾಭ್ಯಾಸದ ದೋಷಗಳನ್ನೆಲ್ಲ ಅವನ ತಲೆಗೆ ಕಟ್ಟುವುದು ಭಾಷಣ ಸ್ಪರ್ಧೆಗಳಲ್ಲಿ ವಾಡಿಕೆಯಾಗಿ ಹೋಗಿದೆ. ನಾನೂ ಎರಡು ವರ್ಷಗಳ ಹಿಂದೆ ಇದೇ ಕಾಲೇಜಿನ ಸಭಾಂಗಣದಲ್ಲಿ ಹಾಗೆಯೇ ಮಾತನಾಡಿ ಎರಡನೆಯ ಬಹುಮಾನ ಪಡೆದವನು. ಆದರೆ ಪದವಿ ಮುಗಿದ ಮೇಲೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಕೂರಬೇಕೆಂಬ ಆಸೆಯಿಂದ ಈ ವರ್ಷ ಅಪರಾಧ ಕಾನೂನಿನ ಪುಸ್ತಕಗಳನ್ನು ತೆರೆದಾಗ, ಅದೇ ಮನುಷ್ಯ ಬೇರೊಂದು ರೂಪದಲ್ಲಿ ಎದುರಾದನು. ಕಳವು ಎಂದರೇನು, ಕೊಲೆ ಎಂದರೇನು, ಒಬ್ಬನನ್ನು ಅಪರಾಧಿಯೆಂದು ಕರೆಯಬೇಕಾದರೆ ಅವನಲ್ಲಿ ಏನೇನು ಇರಬೇಕು ಎಂಬುದನ್ನು ಈ ದೇಶಕ್ಕೆಲ್ಲ ಒಂದೇ ಮಾತಿನಲ್ಲಿ ಬರೆದುಕೊಡಲು ಮೊದಲು ಕೈಹಚ್ಚಿದವನು ಅವನೇ. ಅವನ ಜೀವನವನ್ನು ನಾನು ಓದಿ ತಿಳಿದಷ್ಟು ಇಲ್ಲಿ ನಿರೂಪಿಸುತ್ತೇನೆ. ತಪ್ಪು ಕಂಡರೆ ಗುರುಗಳು ತಿದ್ದಬೇಕೆಂದು ಬೇಡುತ್ತೇನೆ.

ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಹುಟ್ಟಿದುದು 1800ನೆಯ ಇಸವಿ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಷೈರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಅವನೇ ಹಿರಿಯನು. ತಂದೆ ಜಕಾರಿ ಮೆಕಾಲೆ ಹುಡುಗನಾಗಿದ್ದಾಗಲೇ ಜಮೈಕಾ ದ್ವೀಪದ ಕಬ್ಬಿನ ತೋಟದಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಗುಲಾಮರು ಪಡುತ್ತಿದ್ದ ಪಾಡನ್ನು ಕಣ್ಣಾರೆ ಕಂಡು, ಉಳಿದ ಆಯುಷ್ಯವನ್ನೆಲ್ಲ ಗುಲಾಮಗಿರಿಯ ನಿರ್ಮೂಲನಕ್ಕೆ ಮೀಸಲಿಟ್ಟ ಮಹನೀಯ. ಮಗನಿಗೆ ಮೂರು ವರ್ಷಕ್ಕೇ ಓದಿನ ಹುಚ್ಚು ಹತ್ತಿತು. ಒಮ್ಮೆ ಓದಿದುದು ಮರೆಯದಂತಹ ನೆನಪಿನ ಶಕ್ತಿ ಅವನಿಗಿತ್ತು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಕಾವ್ಯರಚನೆಗಾಗಿ ಎರಡು ಸಲ ಚಿನ್ನದ ಪದಕ ಪಡೆದನು. ಆದರೆ ಗಣಿತವೆಂದರೆ ಅವನಿಗೆ ಆಗದು. ಆ ಒಂದು ವಿಷಯದ ದೆಸೆಯಿಂದ ಆನರ್ಸ್ ಪರೀಕ್ಷೆಯಲ್ಲಿ ಸ್ಥಾನ ಸಿಗದೆ ಹೋಯಿತು. ಲೆಕ್ಕದಲ್ಲಿ ಹಿಂದೆ ಬಿದ್ದಿರುವ ನನ್ನಂಥವರಿಗೆ ಈ ಸಂಗತಿ ಅಲ್ಪಸ್ವಲ್ಪ ಸಮಾಧಾನ ಕೊಡಬಹುದು.

ಇಷ್ಟರಲ್ಲಿ ಪರೋಪಕಾರದಲ್ಲೇ ಮನಸ್ಸಿಟ್ಟಿದ್ದ ತಂದೆಯ ವ್ಯಾಪಾರ ಮುಳುಗಿತು. ಸಂಸಾರದ ಭಾರವೂ ತಂದೆಯ ಸಾಲವೂ ಹಿರಿಯ ಮಗನ ಹೆಗಲಿಗೆ ಬಂದವು. 1826ರಲ್ಲಿ ವಕೀಲಿಗೆ ಸೇರಿದನಾದರೂ ಕಕ್ಷಿಗಾರರು ಅವನ ಬಳಿಗೆ ಹೆಚ್ಚಾಗಿ ಬರಲಿಲ್ಲ. ಒಂದು ದೇಶದ ದಂಡಸಂಹಿತೆಯನ್ನು ರಚಿಸಿದವನು ನ್ಯಾಯಾಲಯದಲ್ಲಿ ಹೇಳಿಕೊಳ್ಳುವಂತಹ ವಕೀಲಿ ಮಾಡಿದವನೇ ಅಲ್ಲವೆಂಬುದು ಆಶ್ಚರ್ಯದ ಮಾತು. ಅವನಿಗೆ ಹೆಸರು ತಂದುದು ಲೇಖನಿ ಮತ್ತು ನಾಲಗೆ. 1825ರಲ್ಲಿ ಮಿಲ್ಟನ್ ಕವಿಯ ಮೇಲೆ ಬರೆದ ಪ್ರಬಂಧದಿಂದ ವಿದ್ವಾಂಸರ ಗಮನಕ್ಕೆ ಬಂದನು. 1830ರಲ್ಲಿ ಪಾರ್ಲಿಮೆಂಟಿನ ಸದಸ್ಯನಾಗಿ, ಯಹೂದ್ಯರಿಗೆ ಸಮಾನ ಹಕ್ಕು ಸಲ್ಲಬೇಕೆಂದು ಮೊದಲ ಭಾಷಣ ಮಾಡಿದನು. ಆದರೂ ಕೈಯಲ್ಲಿ ಕಾಸಿಲ್ಲದೆ, ಕೇಂಬ್ರಿಜ್ಜಿನಲ್ಲಿ ಗಳಿಸಿದ ಚಿನ್ನದ ಪದಕಗಳನ್ನು ಮಾರಿಕೊಳ್ಳಬೇಕಾಯಿತು.

1833ರ ಕಾಯಿದೆಯಿಂದ ಗವರ್ನರ್ ಜನರಲ್ಲನ ಮಂಡಲಿಯಲ್ಲಿ ಕಾನೂನು ಸದಸ್ಯನೆಂಬ ಹೊಸ ಹುದ್ದೆ ಏರ್ಪಟ್ಟಿತು. ವರ್ಷಕ್ಕೆ 10,000 ಪೌಂಡ್ ಸಂಬಳ. ಮೆಕಾಲೆ ಅದನ್ನು ಒಪ್ಪಿದನು. ಈ ದೇಶದ ಮೇಲಿನ ಮೋಹದಿಂದ ಅವನು ಬರಲಿಲ್ಲ. ಮನೆಯವರನ್ನು ದಡ ಮುಟ್ಟಿಸಿ, ಯಾರ ಹಂಗೂ ಇಲ್ಲದೆ ಬದುಕುವಷ್ಟು ಹಣ ಕೂಡಿಸಲೆಂದು ಬಂದನು. ಮನೆಯಲ್ಲಿ ಮೊದಲ ಸಂಬಳಕ್ಕಾಗಿ ಕಾದಿರುವವರ ಮಕ್ಕಳಾದ ನಾವು ಇದಕ್ಕಾಗಿ ಅವನನ್ನು ಹಳಿಯಲಾರೆವು.

ತಂಗಿ ಹ್ಯಾನಾಳನ್ನು ಜೊತೆಗೆ ಕರೆದುಕೊಂಡು, ಸುಮಾರು ನಾಲ್ಕು ತಿಂಗಳ ಕಡಲ ಪಯಣದ ಮೇಲೆ 1834ನೆಯ ಜೂನ್ 10ರಂದು ಮದರಾಸಿನಲ್ಲಿ ಇಳಿದನು. ಆಗ ಗವರ್ನರ್ ಜನರಲ್ ಬೆಂಟಿಂಕ್ ಉದಕಮಂಡಲದಲ್ಲಿದ್ದನು. ಅವನನ್ನು ಕಾಣಲು ಹೊರಟ ಮೆಕಾಲೆಯ ದಾರಿ ನಮ್ಮ ನಾಡಿನ ಮೂಲಕ ಹಾಯ್ದಿತ್ತು. ಪಲ್ಲಕ್ಕಿಯಲ್ಲಿ ಕುಳಿತು, ಬೋವಿಗಳ ಹೆಗಲ ಮೇಲೆ, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಕಂಡು ಅವನು ನೀಲಗಿರಿಯನ್ನೇರಿದನು. ಶ್ರೀರಂಗಪಟ್ಟಣದ ಹೆಸರು ಅವನಿಗೆ ಬಾಲ್ಯದಿಂದಲೂ ಪರಿಚಿತ. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಅಲ್ಲಿ ನಾಲ್ಕು ವರ್ಷ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದವನು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡನು. ಅವರ ಕೈಯಿಂದ ಆಡಳಿತವನ್ನು ಇಂಗ್ಲಿಷರು ತೆಗೆದುಕೊಂಡು ಆಗ ಮೂರು ವರ್ಷವಾಗಿತ್ತು. ನಮ್ಮ ಜನರನ್ನು ಅವನು ಪಲ್ಲಕ್ಕಿಯ ಕಿಂಡಿಯಿಂದ ನೋಡಿದನು. ನಮ್ಮ ಭಾಷೆಗಳನ್ನು ಕಲಿಯಲಿಲ್ಲ. ಹೊತ್ತುಕೊಂಡು ನಡೆದವರ ಮಾತು ಅವನಿಗೆ ತಿಳಿಯಲಿಲ್ಲ.

ಕಲ್ಕತ್ತೆಗೆ ಹೋದ ಮೇಲೆ ಸಂಸಾರದಲ್ಲಿ ಎರಡು ಸಂಗತಿಗಳು ನಡೆದವು. ಆ ವರ್ಷದ ಡಿಸೆಂಬರಿನಲ್ಲಿ ಹ್ಯಾನಾಳಿಗೆ ಚಾರ್ಲ್ಸ್ ಟ್ರೆವೆಲಿಯನ್ ಎಂಬ ಅಧಿಕಾರಿಯೊಡನೆ ಮದುವೆಯಾಯಿತು. ಅದರ ಬೆನ್ನಿಗೇ, ಊರಿನಲ್ಲಿದ್ದ ಇನ್ನೊಬ್ಬ ತಂಗಿ ಮಾರ್ಗರೆಟ್ ಜ್ವರದಿಂದ ತೀರಿಕೊಂಡ ಸುದ್ದಿ ಹಡಗಿನಲ್ಲಿ ಬಂತು. ಮೆಕಾಲೆ ಎಂದೂ ಮದುವೆಯಾಗಲಿಲ್ಲ. ಆ ಇಬ್ಬರು ತಂಗಿಯರೇ ಅವನ ಸರ್ವಸ್ವ. ಆ ದುಃಖದಲ್ಲಿ ಪುಸ್ತಕಗಳೂ ಕೆಲಸವೂ ಇಲ್ಲದಿದ್ದರೆ ಅವನಿಗೆ ಹುಚ್ಚು ಹಿಡಿಯುತ್ತಿತ್ತೋ ಏನೋ.

ಆ ದಿನಗಳಲ್ಲೇ, 1835ನೆಯ ಫೆಬ್ರವರಿ 2ರಂದು, ಅವನು ವಿದ್ಯಾಭ್ಯಾಸದ ಬಗೆಗಿನ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದುದು. ಸಂಸ್ಕೃತವನ್ನಾಗಲಿ ಅರಬ್ಬಿಯನ್ನಾಗಲಿ ತಾನು ಅರಿಯೆನೆಂದು ಒಪ್ಪಿಕೊಂಡೂ, ಅವುಗಳಲ್ಲಿನ ಸಮಸ್ತ ವಿದ್ಯೆಯನ್ನು ತೂಗಿ ಹಗುರವೆಂದು ತೀರ್ಪು ಕೊಟ್ಟನು. ಎದುರು ಕಕ್ಷಿಯ ಸಾಕ್ಷ್ಯವನ್ನು ಕೇಳದೆ ಕೊಟ್ಟ ತೀರ್ಪು ಅದು. ಇದಕ್ಕೆ ನಾನು ಕ್ಷಮೆ ಕೋರುವ ವಕೀಲನಾಗಲಾರೆ.

ಆದರೆ ಅದೇ ವರ್ಷ ಅದೇ ಕೈಯಿಂದ ಬೇರೊಂದು ಕೆಲಸವೂ ಆರಂಭವಾಯಿತು. ಮೊದಲನೆಯ ಕಾನೂನು ಆಯೋಗ ಏರ್ಪಟ್ಟು ಮೆಕಾಲೆ ಅದರ ಅಧ್ಯಕ್ಷನಾದನು. ಆಗ ನಮ್ಮ ದೇಶದಲ್ಲಿ ಅಪರಾಧ ಕಾನೂನು ಊರಿಗೊಂದು ಬಗೆ. ಬಂಗಾಳದಲ್ಲಿ ಇಸ್ಲಾಮೀ ದಂಡನೀತಿಗೆ ಕಂಪನಿಯ ರೆಗ್ಯುಲೇಷನ್ನುಗಳ ತೇಪೆ. ಮುಂಬಯಿಯಲ್ಲಿ 1827ರ ಬೇರೆಯೇ ಸಂಹಿತೆ. ಕಲ್ಕತ್ತೆ, ಮದರಾಸು, ಮುಂಬಯಿ ನಗರಗಳೊಳಗೆ ಇಂಗ್ಲೆಂಡಿನ ಕಾನೂನು. ಒಂದೇ ತಪ್ಪಿಗೆ ಒಂದು ಕಡೆ ಒಂದು ಶಿಕ್ಷೆ, ಗಡಿ ದಾಟಿದರೆ ಇನ್ನೊಂದು. ಅಪರಾಧವೆಂದರೇನೆಂಬುದನ್ನು ಮೊದಲೇ ಅಚ್ಚುಕಟ್ಟಾಗಿ ಬರೆದಿಡದಿದ್ದರೆ, ನ್ಯಾಯಾಧೀಶನೂ ದಾರೋಗನೂ ಆಡಿದುದೇ ಕಾನೂನಾಗುತ್ತದೆ.

1836ರಲ್ಲಿ ಒಂದು ಪರೀಕ್ಷೆ ಎದುರಾಯಿತು. ಹಳ್ಳಿಗಾಡಿನಲ್ಲಿ ನೆಲೆಸಿದ್ದ ಇಂಗ್ಲಿಷರು ಸಿವಿಲ್ ವ್ಯಾಜ್ಯಗಳಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೇ ಮೇಲ್ಮನವಿ ಒಯ್ಯುವ ವಿಶೇಷ ಹಕ್ಕನ್ನು ಹೊಂದಿದ್ದರು. ಭಾರತೀಯನಿಗೆ ಸಾಕಾದ ಕೋರ್ಟು ಅವರಿಗೆ ಸಾಲದಾಗಿತ್ತು. ಮೆಕಾಲೆ ಆ ಹಕ್ಕನ್ನು ತೆಗೆದುಹಾಕುವ ಕಾಯಿದೆ ತಂದನು. ಕಲ್ಕತ್ತೆಯ ಇಂಗ್ಲಿಷರು ಅದನ್ನು ಕರಾಳ ಕಾಯಿದೆಯೆಂದು ಕರೆದು, ಪತ್ರಿಕೆಗಳಲ್ಲಿ ಅವನನ್ನು ಬಾಯಿಗೆ ಬಂದಂತೆ ಬೈದರು. ಆ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಟ್ಟ 1835ರ ಕಾಯಿದೆಯನ್ನು ಬರೆದವನೂ ಅವನೇ. ಬೈಗುಳಕ್ಕೆ ಹೆದರಿ ಅವನು ಎರಡರಲ್ಲಿ ಒಂದನ್ನೂ ಹಿಂತೆಗೆದುಕೊಳ್ಳಲಿಲ್ಲ.

ಆಯೋಗದಲ್ಲಿ ಅವನಲ್ಲದೆ ಮೂವರಿದ್ದರು. ಅನಾರೋಗ್ಯದ ಕಾರಣ ಅವರಿಂದ ಹೆಚ್ಚು ನೆರವು ದೊರೆಯದೆ, ಕೆಲಸದ ಬಹುಭಾಗ ಮೆಕಾಲೆಯ ಮೇಲೆಯೇ ಬಿತ್ತು. 1837ರಲ್ಲಿ ಕರಡು ಮುಗಿಯಿತು. ಗಲ್ಲಿನ ಶಿಕ್ಷೆಯನ್ನು ಕೊಲೆ ಮತ್ತು ರಾಜ್ಯದ ವಿರುದ್ಧದ ಯುದ್ಧದಂತಹ ಘೋರ ಅಪರಾಧಗಳಿಗಷ್ಟೇ ಅದು ಉಳಿಸಿತು. ಛಡಿಯೇಟನ್ನು ಕೈಬಿಟ್ಟಿತು. ಗುಲಾಮನನ್ನು ಹೊಡೆದವನು ಒಡೆಯನೆಂಬ ಕಾರಣಕ್ಕೆ ತಪ್ಪಿಸಿಕೊಳ್ಳುವಂತಿಲ್ಲವೆಂಬ ನಿಲುವನ್ನು ತಳೆಯಿತು. ಇಲ್ಲಿ ಜಕಾರಿಯ ಮಗನ ಗುರುತು ನಮಗೆ ಸಿಗುತ್ತದೆ.

ಈ ಸಂಹಿತೆಯ ವಿಶೇಷವೆಂದರೆ ದೃಷ್ಟಾಂತಗಳು. ವ್ಯಾಖ್ಯೆಯನ್ನು ಕೊಟ್ಟು ಸುಮ್ಮನಾಗದೆ, ಅದರ ಕೆಳಗೆ ಇಂತಹವನು ಹೀಗೆ ಮಾಡಿದರೆ ಅಪರಾಧ, ಹೀಗೆ ಮಾಡಿದರೆ ಅಲ್ಲ ಎಂದು ಪುಟ್ಟ ಕಥೆಗಳನ್ನು ಜೋಡಿಸುವ ಪದ್ಧತಿಯನ್ನು ಕಾನೂನಿಗೆ ತಂದವನು ಮೆಕಾಲೆ. ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಕಳವನ್ನೇ ತೆಗೆದುಕೊಳ್ಳುತ್ತೇನೆ. 1860ರ ಸಂಹಿತೆಯಲ್ಲಿ ಅದು 378ನೆಯ ಕಲಮು. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 303. ಕಳವಾಗಬೇಕಾದರೆ ಐದು ಅಂಶಗಳು ಕೂಡಬೇಕು: ಸೊತ್ತು ಚರವಾಗಿರಬೇಕು, ಅದು ಮತ್ತೊಬ್ಬನ ಸ್ವಾಧೀನದಲ್ಲಿರಬೇಕು, ಅವನ ಸಮ್ಮತಿ ಇರಬಾರದು, ತೆಗೆದುಕೊಳ್ಳುವವನ ಮನಸ್ಸಿನಲ್ಲಿ ಅಪ್ರಾಮಾಣಿಕ ಉದ್ದೇಶವಿರಬೇಕು, ಆ ಉದ್ದೇಶದಿಂದ ಸೊತ್ತನ್ನು ಕದಲಿಸಿರಬೇಕು. ಹಣದ ಪೆಟ್ಟಿಗೆ ಹೊತ್ತ ಎತ್ತೊಂದು ಎದುರಾದಾಗ, ಆ ಹಣವನ್ನು ಲಪಟಾಯಿಸಲು ಒಬ್ಬನು ಎತ್ತನ್ನು ಬೇರೆ ದಿಕ್ಕಿಗೆ ಹೊಡೆದರೆ, ಎತ್ತು ಹೆಜ್ಜೆಯೆತ್ತಿದ ಕ್ಷಣವೇ ಹಣದ ಕಳವು ಪೂರ್ಣವಾಯಿತೆಂದು ಒಂದು ದೃಷ್ಟಾಂತ ಹೇಳುತ್ತದೆ. ಇದನ್ನು ಓದಿದ ರೈತನ ಮಗ ಕಳವಿನ ವ್ಯಾಖ್ಯೆಯನ್ನು ಮತ್ತೆ ಮರೆಯುವುದಿಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ದೃಷ್ಟಾಂತವಿದೆ. ಹೆದ್ದಾರಿಯಲ್ಲಿ ಯಾರ ಸ್ವಾಧೀನದಲ್ಲಿಯೂ ಇಲ್ಲದೆ ಬಿದ್ದಿರುವ ಉಂಗುರವನ್ನು ಒಬ್ಬನು ಎತ್ತಿಕೊಂಡರೆ ಅದು ಕಳವಲ್ಲ. ಸೊತ್ತಿನ ದುರ್ವಿನಿಯೋಗವೆಂಬ ಬೇರೆ ಅಪರಾಧವಾಗಬಹುದು, ಅಷ್ಟೆ. ಆ ಬೇರೆ ಕಲಮನ್ನು ತೆರೆದರೆ, ಹಿಂದೆ 403, ಈಗ 314, ಬಿದ್ದ ಸೊತ್ತನ್ನು ಒಡೆಯನಿಗಾಗಿ ಕಾಪಾಡಲೆಂದೋ ಅವನಿಗೆ ಮುಟ್ಟಿಸಲೆಂದೋ ಎತ್ತಿಕೊಂಡವನು ಅಪರಾಧಿಯೇ ಅಲ್ಲವೆಂಬ ವಿವರಣೆ ಸಿಗುತ್ತದೆ. ಒಡೆಯನನ್ನು ಹುಡುಕುವ ಪ್ರಯತ್ನ ಮಾಡದೆ, ತಕ್ಕಷ್ಟು ಕಾಲ ಕಾಯದೆ ತನ್ನದಾಗಿ ಮಾಡಿಕೊಂಡರೆ ಮಾತ್ರ ತಪ್ಪು.

ಈ ಸಾಲುಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. ನಾನು ಏಳನೆಯ ತರಗತಿಯಲ್ಲಿದ್ದಾಗ, ನನ್ನ ತಂದೆ ಸಂತೆಯಿಂದ ಬರುವ ದಾರಿಯಲ್ಲಿ ಬಿದ್ದಿದ್ದ ಕೈಗಡಿಯಾರವೊಂದನ್ನು ಎತ್ತಿಕೊಂಡು ಬಂದರು. ಬೆಳಗಾದ ಮೇಲೆ ಶಾಲೆಯ ಮೇಷ್ಟರಿಗೆ ಕೊಟ್ಟು, ಕಳೆದುಕೊಂಡವರನ್ನು ವಿಚಾರಿಸಬೇಕೆಂದು ದೇವರ ಗೂಡಿನಲ್ಲಿಟ್ಟರು. ಅವರು ಎತ್ತಿಕೊಂಡುದನ್ನು ಕಂಡವರು ಯಾರೋ ಹೇಳಿದ್ದರಿಂದ ರಾತ್ರಿಯೇ ಪೊಲೀಸರು ಬಂದರು. ಯಾವ ಊರು, ಯಾವ ಠಾಣೆ ಎಂಬುದು ಇಲ್ಲಿ ಬೇಡ. ಮರುದಿನ ಮಧ್ಯಾಹ್ನದವರೆಗೆ ತಂದೆ ಠಾಣೆಯ ನೆಲದ ಮೇಲೆ ಕುಳಿತಿದ್ದರು. ಯಾವ ದೂರನ್ನೂ ಬರೆದುಕೊಂಡಿರಲಿಲ್ಲ, ದಸ್ತಗಿರಿಯೆಂದೂ ಹೇಳಿರಲಿಲ್ಲ. ಊರಿನ ಹಿರಿಯರೊಬ್ಬರು ಹೋಗಿ ಮಾತನಾಡಿದ ಮೇಲೆ ಗಡಿಯಾರವನ್ನು ಇಟ್ಟುಕೊಂಡು ತಂದೆಯನ್ನು ಬಿಟ್ಟರು. ಅಂದಿನಿಂದ ನನ್ನ ತಂದೆ ದಾರಿಯಲ್ಲಿ ಬಿದ್ದ ಒಂದು ಮೊಳೆಯನ್ನೂ ಮುಟ್ಟಿದವರಲ್ಲ. ಶಾಲೆಯಲ್ಲಿ ಹುಡುಗರು ನನ್ನನ್ನು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲಾರೆ.

ನನ್ನ ತಂದೆಗೆ ಓದು ಬರುವುದಿಲ್ಲ. ಅವರು ತಪ್ಪು ಮಾಡಿಲ್ಲವೆಂದು ನೂರೈವತ್ತು ವರ್ಷಗಳಿಗೂ ಹಿಂದೆಯೇ ಕಾನೂನು ಬರೆದಿಟ್ಟಿತ್ತೆಂಬುದು ಅವರಿಗೆ ತಿಳಿಯದು. ಆ ರಾತ್ರಿ ಬಾಗಿಲಿಗೆ ಬಂದವರಿಗೂ ಅದು ನೆನಪಿರಲಿಲ್ಲ. ಕಾನೂನು ಸರಿಯಾಗಿಯೇ ಇತ್ತು. ತಂದೆ ನೆಲದ ಮೇಲೆಯೇ ಕುಳಿತಿದ್ದರು. ಪುಸ್ತಕಕ್ಕೂ ಆ ನೆಲಕ್ಕೂ ನಡುವೆ ನಿಂತಿರುವವನು ಪೊಲೀಸು. ಪಲ್ಲಕ್ಕಿಯಲ್ಲಿ ಹೋದ ಮೆಕಾಲೆ ಕಾಣದೆ ಹೋದುದೂ ಇದನ್ನೇ ಎಂದು ನನಗೆ ತೋರುತ್ತದೆ: ಸ್ಪಷ್ಟವಾದ ಕಾನೂನನ್ನು ಬರೆಯುವುದು ಅರ್ಧ ಕೆಲಸ, ಅದು ಯಾರ ಮೇಲೆ ನಡೆಯುತ್ತದೋ ಅವನ ಕಿವಿಗೆ ಅವನ ಮಾತಿನಲ್ಲಿ ಬೀಳಬೇಕಾದುದು ಉಳಿದ ಅರ್ಧ.

ಮೆಕಾಲೆ 1838ರ ಆರಂಭದಲ್ಲಿ ಸ್ವದೇಶಕ್ಕೆ ಮರಳಿದನು. ಮಂತ್ರಿಯಾದನು, 1842ರಲ್ಲಿ ಪ್ರಾಚೀನ ರೋಮಿನ ವೀರಗಾಥೆಗಳನ್ನೂ, 1848ರಿಂದ ಇಂಗ್ಲೆಂಡಿನ ಇತಿಹಾಸದ ಸಂಪುಟಗಳನ್ನೂ ಪ್ರಕಟಿಸಿ ಅಪಾರ ಕೀರ್ತಿ ಪಡೆದನು, 1857ರಲ್ಲಿ ಲಾರ್ಡ್ ಪದವಿ ಬಂತು. ಇತ್ತ ಅವನ ಕರಡು ಕಲ್ಕತ್ತೆಯ ಕಚೇರಿಗಳಲ್ಲಿ ಆಕ್ಷೇಪಣೆ, ಮರುಪರಿಶೀಲನೆಗಳ ನಡುವೆ ಎರಡು ದಶಕಕ್ಕೂ ಮೇಲೆ ಬಿದ್ದಿತ್ತು. 1857ರ ದಂಗೆಯ ತರುವಾಯವೇ ಸರ್ಕಾರ ಎಚ್ಚೆತ್ತಿತು. ಬಾರ್ನ್ಸ್ ಪೀಕಾಕ್ ಎಂಬ ನ್ಯಾಯವೇತ್ತನು ಅದನ್ನು ತಿದ್ದಿ ಸಿದ್ಧಗೊಳಿಸಿದನು.

ಅಷ್ಟರಲ್ಲಿ ಮೆಕಾಲೆಯ ಆರೋಗ್ಯ ಕುಂದಿತ್ತು. 1859ರಲ್ಲಿ ಭಾವಮೈದುನ ಟ್ರೆವೆಲಿಯನ್ ಮದರಾಸಿನ ಗವರ್ನರನಾದನು. ಹ್ಯಾನಾಳೂ ಅಲ್ಲಿಗೆ ಹೊರಡಲಿದ್ದಳು. ಒಮ್ಮೆ ತನ್ನೊಡನೆ ಈ ದೇಶಕ್ಕೆ ಬಂದ ತಂಗಿ ಈಗ ತನ್ನನ್ನು ಬಿಟ್ಟು ಅದೇ ದೇಶಕ್ಕೆ ಹೋಗುವಳೆಂಬ ಚಿಂತೆ ಅವನನ್ನು ಹಣ್ಣು ಮಾಡಿತು. ಆ ಅಗಲಿಕೆಯ ದಿನ ಬರುವುದಕ್ಕೆ ಮೊದಲೇ, 1859ನೆಯ ಡಿಸೆಂಬರ್ 28ರಂದು, ತನ್ನ ಪುಸ್ತಕ ಭಂಡಾರದಲ್ಲಿ ಕುರ್ಚಿಯ ಮೇಲೆ ಕುಳಿತಂತೆಯೇ ತೀರಿಕೊಂಡನು. ಭಾರತೀಯ ದಂಡಸಂಹಿತೆ ಅಂಗೀಕಾರವಾದುದು 1860ನೆಯ ಅಕ್ಟೋಬರ್ 6ರಂದು. ಜಾರಿಗೆ ಬಂದುದು 1862ನೆಯ ಜನವರಿ 1ರಂದು. ತಾನು ಬರೆದುದು ಕಾನೂನಾದುದನ್ನು ಅವನು ಕಾಣಲಿಲ್ಲ.

ಆ ಸಂಹಿತೆಯಲ್ಲಿ ದೋಷಗಳಿರಲಿಲ್ಲವೆಂದು ನಾನು ಹೇಳುವುದಿಲ್ಲ. ಪ್ರಭುತ್ವದ ವಿರುದ್ಧ ಅಸಮಾಧಾನ ಹುಟ್ಟಿಸುವುದನ್ನು ಅಪರಾಧವೆನ್ನುವ ಕಲಮು ಮೆಕಾಲೆಯ ಕರಡಿನಲ್ಲೇ ಇತ್ತು. 1860ರಲ್ಲಿ ಬಿಟ್ಟುಹೋಗಿ 1870ರಲ್ಲಿ ಸೇರಿತು. ಅದರ ಅಡಿಯಲ್ಲಿಯೇ ಲೋಕಮಾನ್ಯ ತಿಲಕರೂ ಮಹಾತ್ಮ ಗಾಂಧಿಯವರೂ ಸೆರೆಮನೆ ಕಂಡರು. ವ್ಯಭಿಚಾರವನ್ನು ಅವನ ಕರಡು ಅಪರಾಧವೆಂದು ಎಣಿಸಿರಲಿಲ್ಲ, ತಿದ್ದಿದವರು ಸೇರಿಸಿದರು, 2018ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸ್ವತಂತ್ರ ಭಾರತವೂ ಆ ಸಂಹಿತೆಯನ್ನು ಬಹುಕಾಲ ಉಳಿಸಿಕೊಂಡು, ಕೊನೆಗೆ 2023ರಲ್ಲಿ ಹೊಸ ಕಾಯಿದೆಗಳನ್ನು ಮಾಡಿತು. 2024ನೆಯ ಜುಲೈ 1ರಿಂದ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. 302 ಎಂದು ಜನರ ಬಾಯಲ್ಲಿದ್ದ ಕೊಲೆಯ ಶಿಕ್ಷೆ ಈಗ 103. ಗಾದೆಯ ಮಾತಿನಂತಾಗಿದ್ದ 420 ಈಗ 318. ಸಂಖ್ಯೆಗಳು ಬದಲಾದವು; ದಾರಿಯಲ್ಲಿ ಬಿದ್ದ ಉಂಗುರ ಮಾತ್ರ ಹೊಸ ಪುಸ್ತಕದಲ್ಲಿಯೂ ಹಾಗೆಯೇ ಬಿದ್ದಿದೆ.

ನನ್ನಂತೆ ಖಾಕಿ ತೊಡುವ ಆಸೆಯಿರುವ ಗೆಳೆಯರಿಗೆ ಒಂದೆರಡು ಮಾತು. ಕಳವಿನಂತಹ ಅಪರಾಧದ ಸುದ್ದಿ ಬಂದರೆ ಅದನ್ನು ಬರೆದುಕೊಳ್ಳಬೇಕು, ಹೇಳಿದವನಿಗೆ ಓದಿ ತಿಳಿಸಿ ರುಜು ಪಡೆಯಬೇಕು, ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಒಬ್ಬನನ್ನು ದಸ್ತಗಿರಿ ಮಾಡಿದರೆ ಕಾರಣವನ್ನು ತಿಳಿಸಬೇಕು, ಅವನ ಕಡೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಮ್ಮ ಸಂವಿಧಾನದ 22ನೆಯ ಅನುಚ್ಛೇದವೇ ಇದಕ್ಕೆ ಆಧಾರ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ಕಟ್ಟು ಈಗಿನ ಕಾಯಿದೆಯಲ್ಲಿಯೂ ಇದೆ. ಮೊಕದ್ದಮೆಯೂ ಇಲ್ಲದೆ, ದಸ್ತಗಿರಿಯೂ ಇಲ್ಲದೆ ಒಬ್ಬನನ್ನು ಸುಮ್ಮನೆ ಕೂರಿಸಿಕೊಳ್ಳುವುದಕ್ಕೆ ಯಾವ ಪುಸ್ತಕದಲ್ಲಿಯೂ ಕಲಮಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಉಂಗುರದ ದೃಷ್ಟಾಂತವನ್ನು ತಂದೆಗೆ ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, ಇದನ್ನು ಬರೆದವನು ಯಾರೆಂದು ಕೇಳಿದರು. ನಾನು ಹೆಸರು ಹೇಳಿದೆ. ಆ ಹೆಸರು ಅವರಿಗೆ ಏನೂ ಆಗಿರಲಿಲ್ಲ. ಇನ್ನೊಂದು ಸಲ ಓದು ಎಂದರು, ಓದಿದೆ.